ಟಾನಿಕ್ ಸೀಸೆಗೆ ಸಿಕ್ಕಿಬಿದ್ದ ಶಾರ್ಕ್

‘ಶಾರ್ಕೋಫೆರಾಲ್’ ಎಂಬ ಹೆಸರು ಕೇಳಿದರೆ ನಲವತ್ತು ದಾಟಿದ ತಂದೆತಾಯಿಯರ ನಾಲಿಗೆಯ ಮೇಲೆ ಒಂದು ಹಳೆಯ ರುಚಿ ಸುಳಿದೀತು. ಪರೀಕ್ಷೆ ಹತ್ತಿರ ಬಂದಾಗ, ಜ್ವರ ಬಿಟ್ಟು ಮಗು ಸೊರಗಿದಾಗ, ಊಟ ಸೇರುತ್ತಿಲ್ಲವೆಂದು ಅಮ್ಮ ದೂರಿದಾಗ ಮನೆಗೆ ಬರುತ್ತಿದ್ದ ಟಾನಿಕ್ಕುಗಳಲ್ಲಿ ಅದೂ ಒಂದು. ಅಲೆಂಬಿಕ್ ಕಂಪನಿಯ ತಯಾರಿಕೆ. ಹೆಸರಿನ ಮೊದಲ ಅರ್ಧದಲ್ಲಿ ಶಾರ್ಕ್ ಇದೆ; ಉಳಿದ ಅರ್ಧದಲ್ಲಿ ಕಬ್ಬಿಣದ ಲ್ಯಾಟಿನ್ ಹೆಸರಾದ ‘ಫೆರಮ್’ನ ನೆರಳಿದೆ. ಕಬ್ಬಿಣದ ಅಂಶ ರಕ್ತಕ್ಕೆ ಬೇಕು, ಸರಿ. ಆದರೆ ಶಾರ್ಕಿಗೂ ಟಾನಿಕ್ಕಿಗೂ ಏನು ನಂಟು? ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ನಮ್ಮ ಕುಂದಲಹಳ್ಳಿಯಂಥ ಊರಿನ ಮಕ್ಕಳು ಕೇಳಬೇಕಾದ ಪ್ರಶ್ನೆಯೇ ಇದು. ಪಠ್ಯಪುಸ್ತಕದಲ್ಲಿ ಶಾರ್ಕ್ ಎಂದರೆ ‘ಮೃದ್ವಸ್ಥಿ ಮೀನಿಗೆ ಒಂದು ಉದಾಹರಣೆ ಕೊಡಿ’ ಎಂಬ ಒಂದು ಅಂಕದ ಉತ್ತರವಾಗಿ ಮುಗಿದುಹೋಗುತ್ತದೆ.

ಈ ಪ್ರಶ್ನೆಯ ಬೆನ್ನು ಹತ್ತಿದರೆ ನಾವು ತಲುಪುವುದು ಒಂದು ನಿರ್ದಿಷ್ಟ ಶಾರ್ಕಿನ ಬಳಿಗೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಜಗತ್ತಿನ ನಾಲ್ಕಾರು ದೇಶಗಳ ಮಕ್ಕಳ ಕಣ್ಣು ಕಾಯಲೆಂದು ಈ ಜೀವಿಯನ್ನು ಲಕ್ಷಗಟ್ಟಲೆ ಹಿಡಿದು ಅದರ ಹೊಟ್ಟೆ ಬಗೆದರು. ಅದರ ಹೊಡೆತದಿಂದ ಅದು ಇಂದಿಗೂ ಪೂರ್ತಿ ಚೇತರಿಸಿಕೊಂಡಿಲ್ಲ.

ಅದರ ವೈಜ್ಞಾನಿಕ ಹೆಸರು ಗ್ಯಾಲಿಯೊರೈನಸ್ ಗ್ಯಾಲಿಯಸ್. 1758ರಷ್ಟು ಹಿಂದೆಯೇ ಲಿನ್ನೇಯಸ್ ಅದನ್ನು ವರ್ಣಿಸಿದ. ಊರಿಗೊಂದು ಹೆಸರು. ಬ್ರಿಟನ್ನಿನ ಮೀನುಗಾರರಿಗೆ ಅದು ಟೋಪ್. ಕ್ಯಾಲಿಫೋರ್ನಿಯಾದವರಿಗೆ ಸೂಪ್‌ಫಿನ್, ಏಕೆಂದರೆ ಚೀನೀಯರ ಸೂಪಿಗೆ ಅದರ ರೆಕ್ಕೆ ಶ್ರೇಷ್ಠವೆಂಬ ಖ್ಯಾತಿ. ಆಸ್ಟ್ರೇಲಿಯಾದಲ್ಲಿ ಸ್ಕೂಲ್ ಶಾರ್ಕ್. ಇದು ಶಾಲೆಗೆ ಹೋಗುವ ಶಾರ್ಕ್ ಅಲ್ಲ ಮಕ್ಕಳೇ. ಇಂಗ್ಲಿಷಿನಲ್ಲಿ ಮೀನಿನ ಹಿಂಡಿಗೂ ‘ಸ್ಕೂಲ್’ ಎನ್ನುತ್ತಾರೆ. ಇವೆಲ್ಲಕ್ಕಿಂತ ಕುತೂಹಲದ ಹೆಸರು ಸ್ಪ್ಯಾನಿಷ್ ಭಾಷೆಯಲ್ಲಿದೆ. ಅದನ್ನು ಕನ್ನಡಕ್ಕೆ ತಂದರೆ ‘ವಿಟಮಿನ್ ಶಾರ್ಕ್’ ಎಂದಾಗುತ್ತದೆ.

ಸಿನಿಮಾದಲ್ಲಿ ನೋಡಿದ ರಾಕ್ಷಸನನ್ನು ಇಲ್ಲಿ ಮರೆತುಬಿಡಿ. ಟೋಪ್ ತೆಳ್ಳನೆಯ, ಉದ್ದ ಮೂತಿಯ, ಬೂದು ಬಣ್ಣದ ಮೀನು. ದೊಡ್ಡದೆಂದರೂ ಎರಡು ಮೀಟರಿನ ಒಳಗೆ. ಮನುಷ್ಯರ ತಂಟೆಗೆ ಬರುವುದಿಲ್ಲ. ಹಿಂಡಿನಲ್ಲಿ ತಿರುಗುತ್ತಾ ಸಣ್ಣ ಮೀನು, ಸ್ಕ್ವಿಡ್ ಮುಂತಾದವನ್ನು ತಿಂದು ಬದುಕುತ್ತದೆ. ಹೆಚ್ಚು ಬಿಸಿಯೂ ಹೆಚ್ಚು ಚಳಿಯೂ ಇಲ್ಲದ ಸಮಶೀತೋಷ್ಣ ವಲಯದ ಕರಾವಳಿಯೇ ಅದರ ನೆಲೆ. ಉತ್ತರ ಅಮೆರಿಕದ ಪಶ್ಚಿಮ ತೀರ, ಪೆರು ಮತ್ತು ಚಿಲಿ, ಬ್ರೆಜಿಲ್‌ನ ದಕ್ಷಿಣ ಭಾಗದಿಂದ ಅರ್ಜೆಂಟೀನಾ, ಯೂರೋಪಿನ ಪಶ್ಚಿಮ ತೀರ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದ ದಕ್ಷಿಣ ಅಂಚು, ನ್ಯೂಜಿಲೆಂಡ್, ಹೀಗೆ ಭೂಪಟದ ಮೇಲೆ ತುಂಡುತುಂಡಾಗಿ ಹರಡಿಕೊಂಡಿದೆ. ಸಮಭಾಜಕ ವೃತ್ತದ ಬೆಚ್ಚನೆಯ ನೀರು ಈ ಶಾರ್ಕಿಗೆ ಗೋಡೆಯಿದ್ದಂತೆ. ಹಾಗಾಗಿ ನಮ್ಮ ಅರಬ್ಬೀ ಸಮುದ್ರದಲ್ಲಿ ಟೋಪ್ ಇಲ್ಲ. ಅದೇ ಕುಟುಂಬದ ಒಬ್ಬ ನೆಂಟ, ಮಸ್ಟೆಲಸ್ ಮೋಸಿಸ್ ಎಂಬ ಚಿಕ್ಕ ಶಾರ್ಕ್, ಇಲ್ಲಿದೆ.

ಎಣ್ಣೆ ಎಲ್ಲಿಂದ ಬಂತು?

ಸಾಧಾರಣ ಮೀನುಗಳ ಹೊಟ್ಟೆಯಲ್ಲಿ ಒಂದು ಗಾಳಿಚೀಲವಿರುತ್ತದೆ. ಕೆರೆ ಮೀನು ಹಚ್ಚುವಾಗ ಬಿಳಿಯ ಬಲೂನಿನಂಥದ್ದು ಸಿಗುತ್ತದಲ್ಲ, ಅದೇ. ನೀರಿನಲ್ಲಿ ಮುಳುಗದೆ ನಿಲ್ಲಲು ಮೀನಿಗೆ ಅದು ಬೇಕು. ಶಾರ್ಕುಗಳಿಗೆ ಈ ಚೀಲವಿಲ್ಲ. ಬದಲಿಗೆ ನಾವು ಲಿವರ್ ಎನ್ನುವ ಪಿತ್ತಜನಕಾಂಗ ದೊಡ್ಡದಾಗಿ ಬೆಳೆದು ಎಣ್ಣೆಯಿಂದ ತುಂಬಿರುತ್ತದೆ. ಎಣ್ಣೆ ನೀರಿಗಿಂತ ಹಗುರ ಎಂಬುದು ದೀಪದ ಹಣತೆಗೆ ನೀರು ಹಾಕಿ ಮೇಲೆ ಎಣ್ಣೆ ಹುಯ್ಯುವವರಿಗೆಲ್ಲ ಗೊತ್ತು. ಮೂಳೆಯ ಬದಲು ಮೃದ್ವಸ್ಥಿ, ಗಾಳಿಯ ಬದಲು ಎಣ್ಣೆ: ಶಾರ್ಕಿನ ದೇಹ ಭಾರ ಇಳಿಸಿಕೊಂಡ ಬಗೆ ಇದು.

ಈ ಎಣ್ಣೆಯಲ್ಲಿ ಜೀವಸತ್ವ ‘ಎ’ ಕರಗಿ ಕೂಡಿಕೊಳ್ಳುತ್ತದೆ. ಸಮುದ್ರದ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಲ್ಲಿ ಕ್ಯಾರೊಟಿನ್ ಇರುತ್ತದೆ. ಅವನ್ನು ತಿಂದ ಸಣ್ಣ ಜೀವಿಗಳು, ಅವನ್ನು ತಿಂದ ಮೀನುಗಳು, ಆ ಮೀನುಗಳನ್ನು ತಿಂದ ಶಾರ್ಕ್, ಹೀಗೆ ಆಹಾರ ಸರಪಳಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಬಂದದ್ದು ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಶೇಖರವಾಗುತ್ತದೆ. ದಶಕಗಳ ಕಾಲ ಬಾಳುವ ಮೀನಿನಲ್ಲಿ ಈ ಠೇವಣಿ ದೊಡ್ಡದೇ ಇರಬೇಕಲ್ಲವೇ?

ಜೀವಸತ್ವ ‘ಎ’ಯನ್ನು 1913ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಗುರುತಿಸಿದರು. ಅದಿಲ್ಲದೆ ಕಣ್ಣಿನ ರೆಟಿನಾದಲ್ಲಿ ಮಂದ ಬೆಳಕನ್ನು ಹಿಡಿಯುವ ವರ್ಣದ್ರವ್ಯ ತಯಾರಾಗುವುದಿಲ್ಲ. ಸಂಜೆಯಾದರೆ ತಡಕಾಡುವ ಇರುಳುಗುರುಡು ಹುಟ್ಟುವುದು ಹೀಗೆ. ಕೊರತೆ ಮುಂದುವರಿದರೆ ಮಕ್ಕಳ ಕಣ್ಣೇ ಹೋಗುತ್ತದೆ. ಆಗಿನ ಮದ್ದು ಉತ್ತರ ಅಟ್ಲಾಂಟಿಕ್ ಸಾಗರದ ಕಾಡ್ ಎಂಬ ಮೀನಿನ ಎಣ್ಣೆ. ಅದರ ದೊಡ್ಡ ಪಾಲು ಬರುತ್ತಿದ್ದುದು ನಾರ್ವೆಯಿಂದ. 1937ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಂಗತಿ ಬಯಲಾಯಿತು. ಸೂಪ್‌ಫಿನ್ ಶಾರ್ಕಿನ ಎಣ್ಣೆಯಲ್ಲಿ ಕಾಡ್ ಎಣ್ಣೆಗಿಂತ ಹಲವು ಪಟ್ಟು ಹೆಚ್ಚು ಜೀವಸತ್ವವಿತ್ತು! 1940ರಲ್ಲಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿತು. ಕಾಡ್ ಎಣ್ಣೆಯ ದಾರಿ ಮುಚ್ಚಿತು.

ಮುಂದಿನದನ್ನು ಚಿನ್ನದ ಗಣಿಯ ನೂಕುನುಗ್ಗಲು ಎನ್ನಬೇಕು. ಟನ್ನಿಗೆ ಸುಮಾರು 50 ಡಾಲರ್ ಇದ್ದ ಶಾರ್ಕಿನ ಬೆಲೆ 1941ರ ವೇಳೆಗೆ 2,000 ಡಾಲರಿಗೆ ಏರಿತು. ನಲವತ್ತು ಪಟ್ಟು! ಬೇರೆ ಮೀನು ಹಿಡಿಯುತ್ತಿದ್ದವರೆಲ್ಲ ಬಲೆ ಬದಲಾಯಿಸಿದರು. 1939ರಲ್ಲಿ ಕ್ಯಾಲಿಫೋರ್ನಿಯಾದ ಬಂದರುಗಳಿಗೆ ನಾಲ್ಕು ಸಾವಿರ ಟನ್ನಿಗೂ ಹೆಚ್ಚು ಸೂಪ್‌ಫಿನ್ ಬಂದಿತ್ತು. 1944ರಲ್ಲಿ ಬಂದದ್ದು ಮುನ್ನೂರು ಟನ್ನೂ ಇಲ್ಲ. ಬೆಲೆ ಇಳಿದಿರಲಿಲ್ಲ, ದೋಣಿಗಳು ಕಡಿಮೆಯಾಗಿರಲಿಲ್ಲ. ಮೀನು ಇರಲಿಲ್ಲ, ಅಷ್ಟೆ. ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾ ಬಂದರು, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲೂ ಅದೇ ವರ್ಷಗಳಲ್ಲಿ ಅದೇ ಬೇಟೆ ನಡೆಯಿತು.

ನಮ್ಮಲ್ಲೂ ಇದರ ಅಲೆ ಬಡಿಯಿತು. ಯುದ್ಧದಿಂದ ಕಾಡ್ ಎಣ್ಣೆಯ ಆಮದು ನಿಂತಾಗ ಭಾರತದ ಕರಾವಳಿ ಪ್ರಾಂತ್ಯಗಳು ಸ್ಥಳೀಯ ಶಾರ್ಕುಗಳ ಕಡೆ ತಿರುಗಿದವು. ಮದರಾಸು ಸರ್ಕಾರದ ಎಣ್ಣೆ ಕಾರ್ಖಾನೆ ಕಲ್ಲಿಕೋಟೆಯಲ್ಲಿತ್ತು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಮದರಾಸು ಪ್ರಾಂತ್ಯಕ್ಕೇ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಮಂಗಳೂರು, ಮಲ್ಪೆ ಕಡೆಯವರು ‘ತಾಟೆ’ ಎನ್ನುವ ಮೀನು ಊಟದ ಎಲೆಯಿಂದ ಔಷಧದ ಸೀಸೆಗೆ ಬಡ್ತಿ ಪಡೆದದ್ದು ಈ ಕಾಲದಲ್ಲಿ. ಬಾಣಂತಿಗೆ ಹಾಲು ಹೆಚ್ಚಲಿ ಎಂದು ತಮಿಳರು ‘ಪಾಲ್ ಸುರಾ’ ಎಂಬ ಶಾರ್ಕಿನ ಪುಟ್ಟು ಮಾಡಿಕೊಡುವುದನ್ನು ನಮ್ಮ ಸುತ್ತಮುತ್ತಲ ಮನೆಗಳಲ್ಲೂ ಕಾಣಬಹುದು. ಶಾರ್ಕ್ ಪುಷ್ಟಿಕರ ಎಂಬ ಮಾತು ನಮ್ಮ ಜನರಿಗೆ ಹೊಸದೇನಲ್ಲ.

ಬೇಟೆ ನಿಂತದ್ದು ಕರುಣೆಯಿಂದಲ್ಲ, ರಸಾಯನಶಾಸ್ತ್ರದಿಂದ. 1947ರಲ್ಲಿ ಸ್ವಿಟ್ಜರ್ಲೆಂಡಿನ ಹಾಫ್‌ಮನ್ ಲಾ ರೋಷ್ ಕಂಪನಿಯ ಒಟ್ಟೊ ಇಸ್ಲರ್ ಜೀವಸತ್ವ ‘ಎ’ಯನ್ನು ಪ್ರಯೋಗಾಲಯದಲ್ಲಿ ತಯಾರಿಸುವ ಮಾರ್ಗ ಕಂಡುಕೊಂಡ. ಕೆಲವೇ ವರ್ಷಗಳಲ್ಲಿ ಕಾರ್ಖಾನೆಯ ವಿಟಮಿನ್ ಅಗ್ಗವಾಗಿ ಸಿಗತೊಡಗಿತು. ಶಾರ್ಕ್ ಎಣ್ಣೆಯ ಮಾರುಕಟ್ಟೆ ಕುಸಿಯಿತು. ನಮ್ಮ ದೇಶದಲ್ಲಿ 1970ರಿಂದ ಮಕ್ಕಳಿಗೆ ಜೀವಸತ್ವ ‘ಎ’ ಹನಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಜೊತೆ ಮೊದಲ ಹನಿ, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ. ಅಂಗನವಾಡಿಯಲ್ಲಿ ಚಮಚದಿಂದ ಕುಡಿಸುವ ಆ ಹಳದಿ ದ್ರವಕ್ಕಾಗಿ ಈಗ ಯಾವ ಶಾರ್ಕೂ ಸಾಯಬೇಕಿಲ್ಲ. ಚಿಕ್ಕ ಮಕ್ಕಳಿರುವವರು ತಾಯಿ ಕಾರ್ಡ್ ತೆಗೆದು ಎಷ್ಟು ಹನಿ ಆಗಿದೆ ನೋಡಿಕೊಳ್ಳಿ. ಒಂದೆರಡಕ್ಕೇ ನಿಲ್ಲಿಸಿಬಿಡುವ ತಂದೆತಾಯಿಯರು ಬಹಳ.

ಮೂರು ವರ್ಷಕ್ಕೊಮ್ಮೆ ತವರಿಗೆ

ಎಣ್ಣೆಯ ಬೇಟೆ ಮುಗಿದು ಮುಕ್ಕಾಲು ಶತಮಾನವೇ ಆಯಿತು. ಹಾಗಾದರೆ ಟೋಪ್ ಮತ್ತೆ ತುಂಬಿಕೊಂಡಿರಬೇಕಲ್ಲ? ಕೆಲವರು ಹೀಗೆಯೇ ಎಣಿಸಿದ್ದರು. ಭೂತಾಯಿ, ಬಂಗುಡೆಯಂಥ ಮೀನುಗಳು ಒಂದು ವರ್ಷ ಕಡಿಮೆಯಾದರೆ ನಾಲ್ಕು ವರ್ಷಕ್ಕೆ ಮತ್ತೆ ದೋಣಿ ತುಂಬಾ ಬಂದದ್ದನ್ನು ನಮ್ಮ ಕರಾವಳಿಯವರು ಎಷ್ಟೋ ಸಲ ಕಂಡಿದ್ದಾರೆ. ಭೂತಾಯಿ ಹುಟ್ಟಿದ ಸುಮಾರು ಒಂದು ವರ್ಷದಲ್ಲೇ ಮೊಟ್ಟೆಯಿಡುತ್ತದೆ. ಅದೂ ಹತ್ತಾರು ಸಾವಿರ.

ಟೋಪ್‌ನ ಲೆಕ್ಕವೇ ಬೇರೆ. ಹೆಣ್ಣು ಪ್ರಾಯಕ್ಕೆ ಬರಲು ಹತ್ತರಿಂದ ಹದಿನೈದು ವರ್ಷ ಬೇಕು. ಮೊಟ್ಟೆಗಳು ತಾಯಿಯ ಹೊಟ್ಟೆಯೊಳಗೇ ಒಡೆದು ಮರಿಗಳಾಗಿ ಬೆಳೆಯುತ್ತವೆ; ಗರ್ಭದ ಅವಧಿ ಸುಮಾರು ಒಂದು ವರ್ಷ. ಒಂದು ಸೂಲಿಗೆ ಇಪ್ಪತ್ತರಿಂದ ಮೂವತ್ತೈದು ಮರಿ, ಅಪರೂಪಕ್ಕೆ ಐವತ್ತು. ಒಂದೊಂದೂ ನಿಮ್ಮ ಶಾಲೆಯ ಅಳತೆಪಟ್ಟಿಯಷ್ಟು, ಅಂದರೆ ಒಂದಡಿ ಉದ್ದ. ಆಮೇಲೆ ತಾಯಿಗೆ ವಿಶ್ರಾಂತಿ. ಮುಂದಿನ ಸೂಲು ಸಾಮಾನ್ಯವಾಗಿ ಮೂರು ವರ್ಷಕ್ಕೆ.

ಪೆನ್ಸಿಲ್ ತೆಗೆದುಕೊಳ್ಳಿ. ಹನ್ನೆರಡನೆಯ ವರ್ಷಕ್ಕೆ ಪ್ರಾಯಕ್ಕೆ ಬಂದ ಹೆಣ್ಣು ಐವತ್ತರವರೆಗೆ ಬದುಕಿದರೆ ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಹನ್ನೆರಡು ಬಾರಿ ಮರಿ ಹಾಕಬಹುದು. ಸೂಲಿಗೆ ಮೂವತ್ತರಂತೆ ಹಿಡಿದರೂ ಇಡೀ ಬಾಳಿನಲ್ಲಿ 360 ಮರಿ. ಭೂತಾಯಿ ಒಂದೇ ಹಂಗಾಮಿನಲ್ಲಿ ಇದರ ಎಷ್ಟು ಪಟ್ಟು ಮೊಟ್ಟೆಯಿಡುತ್ತದೆ ಎಂಬುದನ್ನು ನೀವೇ ಭಾಗಿಸಿ. ಈಗ ಅದೇ ಹೆಣ್ಣನ್ನು ಹನ್ನೊಂದನೆಯ ವರ್ಷದಲ್ಲಿ ಬಲೆಗೆ ಹಾಕಿ. ಉತ್ತರ ಸೊನ್ನೆ. 1937ರಿಂದ 1944ರ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಆದದ್ದು ಈ ಸೊನ್ನೆಗಳ ಮೊತ್ತ. ಆ ಎಂಟು ವರ್ಷಗಳಲ್ಲಿ ಹುಟ್ಟಿದ ಒಂದು ಮರಿಯೂ ಬೇಟೆ ಮುಗಿಯುವ ಮುನ್ನ ತಾಯಿಯಾಗುವಂತಿರಲಿಲ್ಲ.

ಇದಕ್ಕೆ ಅಲೆಮಾರಿತನವೂ ಸೇರಿಕೊಂಡಿತು. ಟೋಪ್ ದಿನಕ್ಕೆ 56 ಕಿಲೋಮೀಟರ್‌ವರೆಗೆ ಈಜಿದ ದಾಖಲೆಯಿದೆ. ಕುಂದಲಹಳ್ಳಿಯಿಂದ ಹೆಚ್ಚುಕಡಿಮೆ ಕೋಲಾರದಷ್ಟು ದೂರ ಅದು, ಟ್ರಾಫಿಕ್ಕಿನ ತೊಂದರೆಯೂ ಇಲ್ಲ! ಬ್ರಿಟನ್ನಿನ ಬಳಿ ಗುರುತುಪಟ್ಟಿ ಕಟ್ಟಿ ಬಿಟ್ಟ ಟೋಪ್‌ಗಳು ಒಂದು ಕಡೆ ಐಸ್‌ಲೆಂಡಿನಲ್ಲೂ ಇನ್ನೊಂದು ಕಡೆ ಆಫ್ರಿಕಾ ಪಕ್ಕದ ಕೆನರಿ ದ್ವೀಪಗಳಲ್ಲೂ ಸಿಕ್ಕಿವೆ. ಎರಡೂ ಸುಮಾರು 2,500 ಕಿಲೋಮೀಟರ್ ದೂರ. ಬೆಂಗಳೂರಿನಿಂದ ದೆಹಲಿಗಿಂತ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಪಟ್ಟಿ ಕಟ್ಟಿದ ಕೆಲವು ಟಾಸ್ಮನ್ ಸಮುದ್ರ ದಾಟಿ ನ್ಯೂಜಿಲೆಂಡಿಗೆ ಹೋಗಿದ್ದವು. ಅಲ್ಲಿನ ಇನ್ನೊಂದು ಶಾರ್ಕ್ ಪಟ್ಟಿ ಕಟ್ಟಿದ ಮೂವತ್ತೈದು ವರ್ಷಗಳಿಗೂ ಮೀರಿ ಬಾಳಿ ಮತ್ತೆ ಬಲೆಗೆ ಬಿತ್ತು. ಪಟ್ಟಿ ಕಟ್ಟಿದ ವಿಜ್ಞಾನಿ ಅಷ್ಟರಲ್ಲಿ ನಿವೃತ್ತಿಯಾಗಿರಬಹುದು.

ಗಂಡು ಹೆಣ್ಣು ಒಟ್ಟಿಗೆ ತಿರುಗುವುದೂ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಉತ್ತರಕ್ಕೆ ಸಿಕ್ಕಿದವು ಬಹುತೇಕ ಗಂಡು, ದಕ್ಷಿಣಕ್ಕೆ ಸಿಕ್ಕಿದವು ಬಹುತೇಕ ಹೆಣ್ಣು. ದಕ್ಷಿಣದಲ್ಲಿ ಬಲೆ ಹಾಕಿದವನು ತಾಯಂದಿರ ಹಿಂಡಿಗೇ ಬಲೆ ಹಾಕಿದಂತಾಯಿತು.

ಆ ದಕ್ಷಿಣ ಭಾಗದಲ್ಲೇ ಲಾ ಹೋಯಾ ಎಂಬ ಕಡಲತೀರವಿದೆ. ಬೇಸಿಗೆಯಲ್ಲಿ ಅಲ್ಲಿನ ತಿಳಿನೀರಿಗೆ ಹೆಣ್ಣು ಸೂಪ್‌ಫಿನ್‌ಗಳು ಬಂದು ಸೇರುತ್ತವೆ. ಆಂಡ್ರ್ಯೂ ನೊಸಾಲ್ ಮತ್ತು ಸಂಗಡಿಗರು ಅವುಗಳ ದೇಹದಲ್ಲಿ ಸಂಕೇತ ಕಳುಹಿಸುವ ಸಣ್ಣ ಯಂತ್ರಗಳನ್ನಿಟ್ಟು ವರ್ಷಗಟ್ಟಲೆ ಬೆನ್ನು ಹತ್ತಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯವಾಗಿದೆ. ಒಂದು ವರ್ಷ ಬಂದ ಹೆಣ್ಣು ಮರುವರ್ಷ ಬರುವುದಿಲ್ಲ, ಅದರ ಮರುವರ್ಷವೂ ಇಲ್ಲ. ಮೂರನೆಯ ವರ್ಷ ಸರಿಯಾಗಿ ಅದೇ ಜಾಗಕ್ಕೆ ಹಾಜರ್! ನಡುವೆ ಉತ್ತರದ ವಾಷಿಂಗ್ಟನ್ ರಾಜ್ಯದಿಂದ ಮೆಕ್ಸಿಕೊವರೆಗೆ ಸುತ್ತಾಡಿರುತ್ತದೆ. ಗರ್ಭದಲ್ಲಿರುವ ಮರಿಗಳ ಬೆಳವಣಿಗೆಗೆ ಬೆಚ್ಚಗಿನ ನೀರು ಅನುಕೂಲವಾಗುವುದರಿಂದ ಬರುತ್ತವೆ ಎಂಬುದು ಅವರ ಅಭಿಪ್ರಾಯ. ದಾರಿ ಹೇಗೆ ತಿಳಿಯುತ್ತದೆ? ಶಾರ್ಕಿನ ಮೂತಿಯಲ್ಲಿ ವಿದ್ಯುತ್ ಕ್ಷೇತ್ರವನ್ನು ಗ್ರಹಿಸುವ ಸಣ್ಣ ರಂಧ್ರಗಳಿವೆ. ಬಾನೆಟ್‌ಹೆಡ್ ಎಂಬ ಬೇರೊಂದು ಜಾತಿಯ ಶಾರ್ಕ್ ಭೂಮಿಯ ಕಾಂತಕ್ಷೇತ್ರವನ್ನು ನಕಾಶೆಯಂತೆ ಬಳಸುತ್ತದೆಂದು 2021ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಟೋಪ್‌ಗೂ ಅಂಥದ್ದೇ ಶಕ್ತಿ ಇದ್ದರೆ ಆಶ್ಚರ್ಯವಿಲ್ಲ.

ಈ ನಿಷ್ಠೆ ಎಷ್ಟು ಚೆಂದವೋ ಅಷ್ಟೇ ಅಪಾಯ. ಆಸ್ಟ್ರೇಲಿಯಾದಲ್ಲಿ 1940ರ ದಶಕದ ಕೊನೆಯಿಂದ ಎ. ಎಂ. ಓಲ್ಸೆನ್ ಎಂಬ ವಿಜ್ಞಾನಿ ಸ್ಕೂಲ್ ಶಾರ್ಕಿನ ಮೇಲೆ ಕೆಲಸ ಮಾಡಿದರು. ತಾಯಂದಿರು ಟಾಸ್ಮೇನಿಯಾ ಮತ್ತು ವಿಕ್ಟೋರಿಯಾದ ಆಳವಿಲ್ಲದ ಕೊಲ್ಲಿಗಳಿಗೆ ಬಂದು ಮರಿ ಹಾಕಿ ಹೋಗುತ್ತವೆ, ಮರಿಗಳು ಅಲ್ಲೇ ಬೆಳೆಯುತ್ತವೆ ಎಂದು ಪತ್ತೆ ಮಾಡಿದ್ದು ಅವರೇ. ಇಂಥ ಕೊಲ್ಲಿಯ ಬಾಯಿಗೆ ಬಲೆ ಕಟ್ಟಿದರೆ ಮುಂದಿನ ತಲೆಮಾರೇ ಇಲ್ಲ. ಟಾಸ್ಮೇನಿಯಾ ಅಂಥ ಕೊಲ್ಲಿಗಳನ್ನು ಶಾರ್ಕ್ ಮರಿಗಳಿಗೆಂದೇ ಮೀಸಲಿಟ್ಟಿತು. ಕೆಲಸ ಸರಿಯಾಗಿಯೇ ಇತ್ತು. ಆದರೆ ಹೊರಗಿನ ಸಮುದ್ರದಲ್ಲಿ ದೊಡ್ಡ ಶಾರ್ಕುಗಳನ್ನು ಮಾಂಸಕ್ಕಾಗಿ ಹಿಡಿಯುವುದು ನಡೆದೇ ಇತ್ತು. ಅಲ್ಲಿನ ಹೋಟೆಲುಗಳಲ್ಲಿ ಆಲೂಗೆಡ್ಡೆ ಹುರುಕಲಿನ ಜೊತೆ ಕೊಡುವ ‘ಫ್ಲೇಕ್’ ಎಂಬ ಮೀನು ಶಾರ್ಕೇ. ಮರಿಗಳನ್ನು ಕಾದು ಅಮ್ಮಂದಿರನ್ನು ಮಾರಿದರೆ ಏನು ಪ್ರಯೋಜನ?

ಇನ್ನೂ ಒಂದು ಸಿಕ್ಕು. ಬೇಗ ಬೆಳೆದು ಬೇಗ ಮರಿ ಹಾಕುವ ಗಮ್ಮಿ ಶಾರ್ಕ್ ಎಂಬುದು ಅದೇ ನೀರಿನಲ್ಲಿದೆ. ಅದನ್ನು ಹಿಡಿಯಲು ಅಡ್ಡಿಯಿಲ್ಲ. ಬಲೆಗೆ ಮಾತ್ರ ಈ ಭೇದ ತಿಳಿಯದು.

ನೆಂಟರ ಲೆಕ್ಕ

ಸಾವಿರಾರು ಕಿಲೋಮೀಟರ್ ಸುತ್ತುವ ಪ್ರಾಣಿಯನ್ನು ಎಣಿಸುವುದು ಹೇಗೆ? ಕೆರೆಯ ಕೊಕ್ಕರೆಯಂತೆ ದಡದಲ್ಲಿ ನಿಂತು ಎಣಿಸಲಾಗದು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ಬಳಸಿದ ಉಪಾಯ ನಮ್ಮೂರಿನವರಿಗೆ ಸುಲಭವಾಗಿ ತಿಳಿಯುತ್ತದೆ. ಕುಂದಲಹಳ್ಳಿ ಹಳ್ಳಿಯಾಗಿದ್ದಾಗ ಬಸ್ಸಿಗೆ ಕಾದು ನಿಂತ ಹತ್ತು ಮಂದಿಯಲ್ಲಿ ಮೂರು ನಾಲ್ಕು ಮಂದಿಯಾದರೂ ಒಬ್ಬರಿಗೊಬ್ಬರು ಅಣ್ಣತಮ್ಮಂದಿರೋ ದಾಯಾದಿಗಳೋ ಆಗಿರುತ್ತಿದ್ದರು. ಇಂದು ಕುಂದಲಹಳ್ಳಿ ಗೇಟಿನಲ್ಲಿ ಸಿಗ್ನಲ್‌ಗೆ ನಿಂತ ನೂರು ಮಂದಿಯನ್ನು ಕೇಳಿದರೂ ಒಂದು ಜೋಡಿ ನೆಂಟರು ಸಿಗುವುದು ಕಷ್ಟ. ಜನಸಂಖ್ಯೆ ಚಿಕ್ಕದಿದ್ದರೆ ನೆಂಟರು ಎದುರಾಗುವ ಸಂಭವ ಹೆಚ್ಚು, ದೊಡ್ಡದಿದ್ದರೆ ಕಡಿಮೆ. ಬಲೆಗೆ ಬಿದ್ದ ಶಾರ್ಕುಗಳ ಚೂರು ಮಾಂಸದಿಂದ ಡಿಎನ್‌ಎ ತೆಗೆದು ಎಷ್ಟು ಜೋಡಿ ತಾಯಿ ಮಕ್ಕಳು, ಎಷ್ಟು ಜೋಡಿ ಒಡಹುಟ್ಟಿದವರು ಸಿಕ್ಕಿದರೆಂದು ನೋಡಿ, ಅದರಿಂದ ಇಡೀ ಸಮುದ್ರದಲ್ಲಿರುವ ದೊಡ್ಡ ಶಾರ್ಕುಗಳ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಸಂಭಾವ್ಯತೆಯ ಪಾಠ ಪಗಡೆ ದಾಳಕ್ಕೂ ನಾಣ್ಯಕ್ಕೂ ಮಾತ್ರ ಎಂದುಕೊಂಡ ಹತ್ತನೆಯ ತರಗತಿಯವರು ಇದನ್ನು ಗಮನಿಸಬೇಕು.

2008ರಲ್ಲಿ ಇಂಗ್ಲೆಂಡ್ ಟೋಪ್ ಹಿಡಿಯುವುದನ್ನು ನಿರ್ಬಂಧಿಸಿತು. 2009ರಲ್ಲಿ ಆಸ್ಟ್ರೇಲಿಯಾ ಅದನ್ನು ರಕ್ಷಣೆಯನ್ನೇ ಅವಲಂಬಿಸಿದ ಜೀವಿ ಎಂದು ಪಟ್ಟಿ ಮಾಡಿತು. 2020ರಲ್ಲಿ ಐಯುಸಿಎನ್ ಜಗತ್ತಿನಾದ್ಯಂತ ಅದರ ಸ್ಥಿತಿ ‘ತೀವ್ರ ಅಪಾಯದಲ್ಲಿದೆ’ ಎಂದಿತು. ಅಳಿದುಹೋಗುವುದಕ್ಕೆ ಇನ್ನು ಸ್ವಲ್ಪವೇ ಬಾಕಿ ಇರುವ ಜೀವಿಗಳ ವರ್ಗ ಅದು. ಅದೇ ವರ್ಷದ ಫೆಬ್ರುವರಿಯಲ್ಲಿ ಗುಜರಾತಿನ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಸಂರಕ್ಷಣಾ ಒಪ್ಪಂದದ ಹದಿಮೂರನೆಯ ಸಮಾವೇಶ ನಡೆಯಿತು. ಆನೆಗೂ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೂ ಅಲ್ಲಿ ರಕ್ಷಣೆ ಸಿಕ್ಕಿದ್ದು ನಮ್ಮ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನಮ್ಮ ನೀರಿನಲ್ಲಿಲ್ಲದ ಟೋಪ್ ಕೂಡ ಅದೇ ಸಭೆಯಲ್ಲಿ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿತು. ಹಿಡಿಯಬಾರದೆಂಬ ನಿಷೇಧ ಇದಲ್ಲ. ಟೋಪ್ ಹಾದುಹೋಗುವ ದೇಶಗಳು ಕೂಡಿ ಅದನ್ನು ಕಾಯುವ ಏರ್ಪಾಡು ಮಾಡಿಕೊಳ್ಳಬೇಕೆಂಬ ಒಪ್ಪಿಗೆ ಮಾತ್ರ. ಐಸ್‌ಲೆಂಡಿನಿಂದ ಕೆನರಿವರೆಗೆ ಓಡಾಡುವ ಮೀನಿಗೆ ಒಂದು ದೇಶದ ಕಾನೂನು ಸಾಲದೆಂಬುದು ಇನ್ನು ವಿವರಿಸಬೇಕಾದದ್ದಲ್ಲ.

ನಮ್ಮ ತಾಟೆಗಳ ವಿಷಯದಲ್ಲೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಭಾರತದ ಪಶ್ಚಿಮ ತೀರದಲ್ಲಿ ಹೇರಳವಾಗಿ ಸಿಗುವ ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕ್ ಒಂದೆರಡು ವರ್ಷದಲ್ಲೇ ಪ್ರಾಯಕ್ಕೆ ಬರುತ್ತದೆ. ಶಾರ್ಕುಗಳಲ್ಲಿ ಅದು ಅವಸರದ ಜೀವಿ. ಟೋಪ್‌ನಂತೆ ನಿಧಾನವಾಗಿ ಬೆಳೆಯುವ ದೊಡ್ಡ ಜಾತಿಗಳೂ ಇಲ್ಲಿವೆ. ತಿಮಿಂಗಿಲ ಶಾರ್ಕಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ರೆಕ್ಕೆ ಕತ್ತರಿಸಿ ಮೈಯನ್ನು ಸಮುದ್ರಕ್ಕೆಸೆಯುವುದನ್ನು 2013ರಲ್ಲಿ ತಡೆದರು. ರೆಕ್ಕೆಯ ರಫ್ತನ್ನು 2015ರಲ್ಲಿ ನಿಲ್ಲಿಸಿದರು.

ಶಾಲಾ ಪ್ರವಾಸಕ್ಕೆ ಉಡುಪಿ ಕಡೆ ಹೋಗುವವರು ಮಲ್ಪೆ ಬಂದರಿಗೂ ಒಂದು ಗಂಟೆ ಕೊಡಿ. ಹರಾಜಿನ ಕಟ್ಟೆಯ ಮೇಲೆ ತಾಟೆ ಕಂಡರೆ ಕಿವಿರಿಗೆ ಮುಚ್ಚಳವಿಲ್ಲದೆ ಪಕ್ಕದಲ್ಲಿ ಐದು ಸೀಳುಗಳಿರುವುದನ್ನು ಎಣಿಸಿ. ಬಾಲದ ಕಡೆಯಿಂದ ತಲೆಯ ಕಡೆಗೆ ಚರ್ಮದ ಮೇಲೆ ಬೆರಳೆಳೆದು ನೋಡಿ, ಉಪ್ಪುಕಾಗದದಂತೆ ಒರಟಾಗಿರುತ್ತದೆ. ಗಂಡಾದರೆ ಹೊಟ್ಟೆಯಡಿಯ ರೆಕ್ಕೆಗಳ ಬಳಿ ಎರಡು ಕಡ್ಡಿಗಳಂಥ ಅಂಗಗಳಿರುತ್ತವೆ, ಹೆಣ್ಣಿಗೆ ಇಲ್ಲ. ಯಾವುದು ಹೆಚ್ಚು ಬಂದಿದೆ ಎಂದು ಬರೆದುಕೊಳ್ಳಿ. ಬೆಳಗ್ಗೆ ಬೇಗ ಹೋಗಬೇಕು. ಜೂನ್ ಮತ್ತು ಜುಲೈಯಲ್ಲಿ ಹೋದರೆ ಏನೂ ಸಿಗದು, ಆಗ ಯಾಂತ್ರಿಕ ದೋಣಿಗಳಿಗೆ ರಜೆ.